ಐವರಿಗೆ ಒಂದು ಸಂಚಿ

ಮತ್ಸ್ಯಗಂಧ ರೈಲು ಹೊರಟುಹೋದ ಮೇಲೆ ಕುಂದಾಪುರದ ನಿಲ್ದಾಣ ಒಮ್ಮೆಗೇ ಮೌನವಾಗುತ್ತದೆ. ಹೆಸರಿಗೆ ಕುಂದಾಪುರವಾದರೂ ನಿಲ್ದಾಣ ಇರುವುದು ಪೇಟೆಯಿಂದ ನಾಲ್ಕೈದು ಕಿಲೋಮೀಟರ್ ಒಳಗೆ, ಮೂಡ್ಲಕಟ್ಟೆಯಲ್ಲಿ. ಜನವರಿಯ ಮೊದಲ ವಾರ. ಕೊಯ್ಲಾದ ಗದ್ದೆಯ ಮೇಲೆ ಇಬ್ಬನಿ ಹಿಂಜಿದ ಹತ್ತಿಯ ಹಾಗೆ ಕೂತಿತ್ತು. ಬೋಗಿಯಿಂದ ಇಳಿದ ಮುಂಬೈ ಗೆಳತಿ ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡು, ಯಾರನ್ನು ಮೊದಲು ತಬ್ಬಿಕೊಳ್ಳಲಿ ಎಂದು ಗೊತ್ತಾಗದೆ ಪ್ಲಾಟ್‌ಫಾರ್ಮಿನ ನಡುವೆಯೇ ನಿಂತಳು. “ಹೆಣೆ, ಬಂದ್ಯಾ!” ಎಂದು ನಾವು ನಾಲ್ವರೂ ಒಟ್ಟಿಗೇ ಕೂಗಿದೆವು.

ಹೊರಗೆ ಮೂರು ರಿಕ್ಷಾಗಳಿದ್ದವು. ನಾವು ಐದು ಜನ. ಒತ್ತೊತ್ತಿ ಕೂತರೆ ಒಂದೇ ರಿಕ್ಷಾದಲ್ಲಿ ತುರುಕಿಕೊಳ್ಳಬಹುದು, ಒಂದು ಬಾಡಿಗೆ ಉಳಿಯುತ್ತದೆ. ಉಳಿಸಲಿಲ್ಲ. ಎರಡು ರಿಕ್ಷಾ ಹಿಡಿದೆವು. ರೈಲಿನ ಹೊತ್ತಿಗೆ ಸರಿಯಾಗಿ, ಚಳಿಯಲ್ಲಿ ಮಫ್ಲರ್ ಸುತ್ತಿಕೊಂಡು ಬಂದು ಕಾಯುವವನ ಹತ್ತಿರ ಬೆಳಗಿನ ಜಾವದ ಬಾಡಿಗೆಗೆ ಚೌಕಾಸಿ ಮಾಡಬಾರದು ಎಂಬುದು ನಮ್ಮ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲೇ ಬರೆದಿದೆ. ಆ ಪುಸ್ತಕದ ಕತೆಯನ್ನು ಹೇಳಲಿಕ್ಕೇ ನಾನು ಕೂತದ್ದು.

ಶಾಸ್ತ್ರಿ ಸರ್ಕಲ್ ಹತ್ತಿರದ ಸಣ್ಣ ಹೋಟೆಲಿನಲ್ಲಿ ಬನ್ಸ್ ಆಗಷ್ಟೇ ಎಣ್ಣೆಯಿಂದ ಎದ್ದಿತ್ತು. ಬಾಳೆಹಣ್ಣು ಹಾಕಿ ನಾದಿದ ಹಿಟ್ಟಿನ ಆ ಪರಿಮಳಕ್ಕೆ ನಿದ್ದೆಗಣ್ಣೂ ತೆರೆಯುತ್ತದೆ. ಐದು ಬನ್ಸ್, ಮೂರು ಚಹಾ. ಮೂರರಲ್ಲಿ ಎರಡನ್ನು ಬೈ-ಟು. ಕರ್ನಾಟಕದಲ್ಲಿ ಬೈ-ಟು ಕೇಳಲು ಯಾರೂ ನಾಚುವುದಿಲ್ಲ. ಸಪ್ಲೈಯರ್ ಕೂಡ ಹುಬ್ಬು ಏರಿಸದೆ ಎರಡು ಲೋಟ ತಂದಿಡುತ್ತಾನೆ. ಬೆಂಗಳೂರಿನಲ್ಲಿ 1924ರಲ್ಲಿ ಎಂಟಿಆರ್ ಶುರುಮಾಡಿದ ಮಯ್ಯ ಸಹೋದರರು ಇಲ್ಲೇ ಕೋಟದ ಪಕ್ಕದ ಪಾರಂಪಳ್ಳಿಯವರು. ನಮ್ಮ ಕಡೆಯ ಎಷ್ಟೋ ಮನೆಗಳ ಗಂಡುಮಕ್ಕಳು ಲೋಟ ತೊಳೆಯುವ ಕೆಲಸಕ್ಕೆ ಸೇರಿ ಗಲ್ಲಾಪೆಟ್ಟಿಗೆಯವರೆಗೆ ಬಂದವರು. ಅರ್ಧ ಲೋಟ ಕಾಫಿಗೂ ಪೂರ್ತಿ ಲೋಟದ ಮರ್ಯಾದೆ ಕೊಡುವುದು ಅಂಥವರಿಗೆ ಗೊತ್ತು.

ಚಹಾ ಮುಗಿದ ಮೇಲೆ ನಮ್ಮ ಟೀಚರ್ ಗೆಳತಿ ತನ್ನ ಚೀಲದಿಂದ ಸಂಚಿ ತೆಗೆದಳು. ಹಿಂದೆ ಅಜ್ಜಿಯರು ಎಲೆಅಡಿಕೆ ಇಟ್ಟುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರಲ್ಲ, ಅದೇ ಆಕಾರದ್ದು, ಸ್ವಲ್ಪ ದೊಡ್ಡದು. ಐದು ಬಣ್ಣದ ರವಿಕೆ ತುಂಡುಗಳನ್ನು ಸೇರಿಸಿ ಹೊಲಿದದ್ದು. ಕೆಂಪು, ಗಿಣಿಹಸಿರು, ಅರಸಿನ, ನೇರಳೆ, ಇನ್ನೊಂದು ತೊಳೆದೂ ತೊಳೆದೂ ಹೆಸರಿಲ್ಲದಂತಾದ ಬಣ್ಣ. ಒಳಗೆ ಅಸ್ತರ್, ಬಾಯಿಗೆ ಎರಡೂ ಕಡೆಯಿಂದ ಎಳೆಯುವ ದಾರ, ದಾರದ ತುದಿಗೆ ಒಂದೊಂದು ಮಣಿ. ಹೊಲಿಗೆ ಎಷ್ಟು ಹತ್ತಿರವೆಂದರೆ ಒಳಹೊರಗು ಮಾಡಿದರೂ ಒಂದು ಎಳೆ ಕಾಣದು. ಹೊಲಿದವಳು ನಮ್ಮ ಐವರಲ್ಲಿ ಒಬ್ಬಳು, ತಲ್ಲೂರು ಕಡೆಯ ಟೈಲರ್ ಗೆಳತಿ. ತಲಾ 1,500 ರೂಪಾಯಿಯಂತೆ 7,500 ಅದರೊಳಗೆ ಹೋಯಿತು. ಟೀಚರ್ ದಾರ ಎಳೆದಳು. ಮೂರು ದಿನಕ್ಕೆ ನಮ್ಮ ಐದು ಜೇಬು ಅಲ್ಲಿಗೆ ಒಂದಾಯಿತು.

ನಾವು ಐವರೂ ಭಂಡಾರ್ಕಾರ್ಸ್ ಕಾಲೇಜಿನಲ್ಲಿ ಒಂದೇ ಬೆಂಚಿನವರು. 1963ರಲ್ಲಿ ಆ ಕಾಲೇಜು ಆಗದೆ ಇದ್ದಿದ್ದರೆ ನಮ್ಮಂಥ ಹುಡುಗಿಯರು ಪಿಯುಸಿ ಆಚೆ ಓದುತ್ತಿರಲಿಲ್ಲ. ಒಬ್ಬಳು ಮದುವೆಯಾಗಿ ಮುಂಬೈ ಸೇರಿದಳು. ಗಂಡನ ಹೋಟೆಲಿನ ಅಡುಗೆಮನೆ ಲೆಕ್ಕ ಅವಳದ್ದೇ. ಒಬ್ಬಳು ಬೆಂಗಳೂರಿನ ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ಒಬ್ಬಳು ತ್ರಾಸಿಯ ಹತ್ತಿರ ಶಾಲೆಯ ಟೀಚರ್. ಒಬ್ಬಳು ಮನೆಯ ಜಗಲಿಯಲ್ಲಿ ಮಿಷನ್ ಇಟ್ಟುಕೊಂಡು ರವಿಕೆ ಹೊಲಿದು ಇಬ್ಬರು ಮಕ್ಕಳನ್ನು ಓದಿಸಿದವಳು. ನಾನು ಬ್ರಹ್ಮಾವರದವಳು. ವರ್ಷಕ್ಕೊಮ್ಮೆ ಮೂರು ದಿನ ಒಟ್ಟಿಗೆ ಊರು ತಿರುಗುತ್ತೇವೆ. ದೂರದ ಊರಿಗಲ್ಲ, ಇದೇ ಕುಂದಾಪುರ, ಬೈಂದೂರು, ಬ್ರಹ್ಮಾವರದ ಒಳಗೇ.

ಆರೇಳು ವರ್ಷದ ಹಿಂದೆ ಒಂದು ತಪ್ಪು ಮಾಡಿದೆವು. ಕಡಲ ತೀರದ ಒಂದು ರೆಸಾರ್ಟಿನಲ್ಲಿ ಎರಡು ರಾತ್ರಿ ಇದ್ದೆವು. ಕೋಣೆ ಚೆಂದ ಇತ್ತು, ಬಾಲ್ಕನಿಯಿಂದ ಕಡಲು ಕಾಣುತ್ತಿತ್ತು, ನಮ್ಮೂರಿನದೇ ನೀರ್ ದೋಸೆಯನ್ನು ನಮಗೇ ಅಪರೂಪದ ತಿಂಡಿ ಎಂದು ಪಿಂಗಾಣಿ ತಟ್ಟೆಯಲ್ಲಿ ತಂದುಕೊಟ್ಟರು. ಕೊನೆಯ ರಾತ್ರಿ ಬ್ಯಾಂಕ್ ಗೆಳತಿ ಲೆಕ್ಕ ಮಾಡಿ ಎಲ್ಲರ ಮೊಬೈಲಿಗೆ ಕಳಿಸಿದಳು: ತಲಾ 4,862 ರೂಪಾಯಿ 50 ಪೈಸೆ. ಪೈಸೆಗೆ ಪೈಸೆ ಸರಿಯಾದ ಲೆಕ್ಕ. ಟೈಲರ್ ಗೆಳತಿ ಎಲ್ಲರಿಗಿಂತ ಮೊದಲು ದುಡ್ಡು ಹಾಕಿದಳು.

ಮರುವರ್ಷ ಅವಳು ಬರಲಿಲ್ಲ. “ಈ ಸಲ ಬಪ್ಪುಕಾತಿಲ್ಲ ಹೆಣೆ, ಮದಿ ಸೀಸನ್, ರವಿಕೆ ರಾಶಿ ಬಿದ್ದಿತ್ತ್” ಎಂದಳು. ಅದರ ಮರುವರ್ಷವೂ ಅದೇ ಮಾತು. ಮೂರನೆಯ ವರ್ಷ ನಾನು ರವಿಕೆ ಹೊಲಿಸುವ ನೆಪದಲ್ಲಿ ಅವಳ ಮನೆಗೆ ಹೋದೆ. ಅವಳು ಒಳಗೆ ಚಹಾ ಮಾಡುತ್ತಿದ್ದಾಗ ಅವಳ ಅತ್ತೆ ಮಾತಿಗೆ ಮಾತು ಬಂದು ಹೇಳಿದರು: ಆ ಸಲದ ತಿರುಗಾಟಕ್ಕೆ ಅವಳು ಚೀಟಿ ಎತ್ತಿದ್ದಳಂತೆ. ಅವಧಿಗೆ ಮೊದಲೇ, ಹರಾಜಿನಲ್ಲಿ ಸಾಕಷ್ಟು ಕಳೆದುಕೊಂಡು. ಮಗಳ ಫೀಸಿಗೆಂದು ಕಟ್ಟುತ್ತಿದ್ದ ಚೀಟಿ ಅದು.

ಚಹಾ ಕುಡಿದು ಬಂದೆ. ಆ ರಾತ್ರಿ ಉಳಿದ ಮೂವರಿಗೂ ಫೋನ್ ಮಾಡಿದೆ. “ನಾನೇ ಕೊಡ್ತಿದ್ದೆನಲ್ಲ, ಒಂದು ಮಾತು ಹೇಳಬಾರದಿತ್ತಾ” ಎಂದಳು ಮುಂಬೈಯವಳು. ಹೇಳುವುದು ಹೇಗೆ? ಇನ್ನೊಬ್ಬರು ತನ್ನ ಪಾಲನ್ನು ಕೊಟ್ಟರೆ ಅವಳು ಗೆಳತಿಯಾಗಿ ಬರುವುದಿಲ್ಲ, ಋಣಿಯಾಗಿ ಬರುತ್ತಾಳೆ. ಬ್ಯಾಂಕ್ ಗೆಳತಿ ತುಂಬಾ ಹೊತ್ತು ಸುಮ್ಮನಿದ್ದು ಆಮೇಲೆ ಅತ್ತಳು. ಮೊದಲೇ ಸಮಪಾಲು ಹಾಕುವ ಯೋಚನೆ ಕೊಟ್ಟವಳೂ ಅವಳೇ: ನಮ್ಮಲ್ಲಿ ಯಾರ ಜೇಬು ಎಲ್ಲಕ್ಕಿಂತ ಸಣ್ಣದೋ ಅದೇ ಅಳತೆ, ಅದರ ಮೇಲೆ ಒಂದು ರೂಪಾಯಿ ಇಲ್ಲ; ಯಾಕೆ ಎಂದು ಯಾರೂ ಬಾಯಿ ಬಿಡಬಾರದು. ಟೈಲರ್ ಗೆಳತಿಗೆ ನಾವು ಹೇಳಿದ್ದು ಇಷ್ಟೇ: “ನಮಗೆ ರೆಸಾರ್ಟು ಸಾಕಾಯ್ತು ಮಾರಾಯ್ತಿ. ಕಾಲೇಜಿನಲ್ಲಿ ತಿರುಗಿದ ಹಾಗೆ ತಿರುಗುವ. ದುಡ್ಡಿಡಲಿಕ್ಕೆ ಒಂದು ಸಂಚಿ ಹೊಲಿದುಕೊಡು.” ಅವಳು ಹೊಲಿದಳು, ಬಂದಳು.

ಕುಂದಾಪುರದಿಂದ ಗಂಗೊಳ್ಳಿ ಕಣ್ಣಿಗೆ ಕಾಣುವಷ್ಟು ಹತ್ತಿರ. ಐದು ಹೊಳೆಗಳು ಕೂಡುವ ಪಂಚಗಂಗಾವಳಿಯ ಈ ದಡದಲ್ಲಿ ನಿಂತರೆ ಆ ದಡದ ದೋಣಿಗಳ ಬಾವುಟ ಎಣಿಸಬಹುದು. ನಮ್ಮ ಕಾಲೇಜಿನ ಕಾಲದಲ್ಲಿ ಗಂಗೊಳ್ಳಿಯ ಹುಡುಗಿಯರು ದೋಣಿಯಲ್ಲಿ ಹೊಳೆ ದಾಟಿಯೇ ತರಗತಿಗೆ ಬರುತ್ತಿದ್ದರು. ರಸ್ತೆಯಲ್ಲಿ ಹೋದರೆ ಹೆಮ್ಮಾಡಿ, ತ್ರಾಸಿ ಸುತ್ತಿ ಹದಿನೈದು ಕಿಲೋಮೀಟರಿಗೂ ಮೇಲೆ. ನಾವು ಬಸ್ಸಿನಲ್ಲೇ ಹೋದೆವು, ಕಿಟಕಿ ಬದಿಯ ಸೀಟು ಹಿಡಿದು. ಹೆಮ್ಮಾಡಿಯ ಗದ್ದೆಗಳಲ್ಲಿ ಸೇವಂತಿಗೆ ಅರಳಿತ್ತು. ಮಕರ ಸಂಕ್ರಾಂತಿಯ ಮಾರಣಕಟ್ಟೆ ಜಾತ್ರೆಗೆಂದೇ ಇಲ್ಲಿ ಬೆಳೆಸುವ ಹೂವು. ಭತ್ತದ ಗದ್ದೆಯ ನಡುವೆ ಆ ಹಳದಿ ಒಮ್ಮೆಗೇ ಕಣ್ಣಿಗೆ ಬಿದ್ದಾಗ ಇಡೀ ಬಸ್ಸು ಎಡಕ್ಕೆ ತಿರುಗುತ್ತದೆ. ದಿನಾ ಅದೇ ದಾರಿಯಲ್ಲಿ ಹೋಗುವ ಕಂಡಕ್ಟರ್ ಕೂಡ.

ಗಂಗೊಳ್ಳಿ ಬಂದರಿನಲ್ಲಿ ಹರಾಜು ಜೋರಾಗಿತ್ತು. ಸಿಮೆಂಟ್ ನೆಲ ಒದ್ದೆ, ಮಂಜುಗಡ್ಡೆಯ ಚೂರು, ಡೀಸೆಲ್ ವಾಸನೆಯ ಮೇಲೆ ಹಸಿ ಮೀನಿನ ವಾಸನೆ. ಬುಟ್ಟಿ ನೆಲಕ್ಕೆ ಬೀಳುವುದಕ್ಕೂ ಕೂಗು ಏಳುವುದಕ್ಕೂ ಒಂದು ಉಸಿರಿನ ಅಂತರ. ಹರಾಜಿನಿಂದ ಸ್ವಲ್ಪ ದೂರದಲ್ಲಿ ಹೆಂಗಸರು ಗೋಣಿ ಹಾಸಿ ಪಾಲು ಇಟ್ಟುಕೊಂಡಿದ್ದರು. ನಮ್ಮಲ್ಲಿ ಚಿಲ್ಲರೆ ಮೀನು ತೂಕಕ್ಕಿಂತ ಪಾಲಿನ ಲೆಕ್ಕದಲ್ಲೇ ಹೆಚ್ಚು. ಒಬ್ಬ ಅಮ್ಮ ಬಂಗುಡೆ ಎಣಿಸುತ್ತಿದ್ದರು. ಒಂದೊಂದು ಕೈಗೆ ಎರಡೆರಡು, ಬೆರಳಿನ ನಡುವೆ ಬಾಲ ಸಿಕ್ಕಿಸಿ ಎಸೆಯುವ ವೇಗಕ್ಕೆ ನಮ್ಮ ಕಣ್ಣು ಹಿಂದೆ ಬೀಳುತ್ತಿತ್ತು. ಬಂಗುಡೆಯ ಬೆನ್ನಿನ ಮೇಲಿನ ನೀಲಿ ಗೆರೆಗಳು ಬಿಸಿಲಿಗೆ ಹಸಿರಾಗಿ, ಮತ್ತೆ ನೀಲಿಯಾಗಿ ಹೊರಳುತ್ತಿದ್ದವು. ಕಿವಿರು ಎತ್ತಿ ತೋರಿಸಿದರು, ಕೆಂಪಗೆ, ದಾಸವಾಳದಷ್ಟು.

ಬೆಲೆ ಹೇಳಿದರು. ಮುಂಬೈ ಗೆಳತಿ ಅಭ್ಯಾಸಬಲದಿಂದ ಐವತ್ತು ರೂಪಾಯಿ ಕಡಿಮೆ ಕೇಳಿದಳು. ಆ ಅಮ್ಮ ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ಮೀನನ್ನು ಪಾಲಿನ ಮೇಲೆ ಮೆತ್ತಗೆ ಇಟ್ಟು, “ಕಡ್ಲಿಗ್ ಹೋದವ್ರಿಗೆ ಕಡ್ಲ್ ಹತ್ರ ಚೌಕಾಸಿ ಮಾಡುಕಾತ್ತಾ ಅಮ್ಮಾ?” ಎಂದರು. ಗೆಳತಿಯ ಮುಖ ಸಣ್ಣದಾಯಿತು. ಹೇಳಿದಷ್ಟೇ ಕೊಟ್ಟೆವು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗಿಳಿಯುವಂತಿಲ್ಲ. ಹತ್ತು ತಿಂಗಳ ದುಡಿಮೆಯಲ್ಲಿ ಹನ್ನೆರಡು ತಿಂಗಳು ಉಣ್ಣುವ ಮನೆಗಳಿವು. ಐವತ್ತು ರೂಪಾಯಿ ನಮ್ಮ ಕೈಯಲ್ಲಿ ಉಳಿದರೆ ಅದು ಉಳಿತಾಯ ಅಲ್ಲ, ಆ ಗೋಣಿಯ ಮೇಲಿನಿಂದ ಎತ್ತಿಕೊಂಡು ಬಂದದ್ದು. ಕೈ ಬಿಗಿಹಿಡಿದು ಖರ್ಚು ಮಾಡುವುದಕ್ಕೂ ಜುಗ್ಗತನಕ್ಕೂ ನಾನು ಕಂಡ ವ್ಯತ್ಯಾಸ ಇದೊಂದೇ. ನನಗೆ ಬೇಕಾದದ್ದನ್ನು ನಾನು ಬಿಟ್ಟರೆ ಅದು ಮಿತ. ಇನ್ನೊಬ್ಬರಿಗೆ ಸಲ್ಲಬೇಕಾದದ್ದನ್ನು ಬಿಟ್ಟರೆ ಎಂಜಲು ಕೈಯಲ್ಲಿ ಕಾಗೆ ಓಡಿಸದವರ ಸಾಲಿಗೆ ಸೇರಿದ ಹಾಗೆ.

ಟೀಚರ್ ಮೀನು ತಿನ್ನುವುದಿಲ್ಲ. ಹಾಗಾಗಿ ಲೆಕ್ಕದ ಪುಸ್ತಕದಲ್ಲಿ ಮೀನಿಗೆ ಬೇರೆ ಪುಟ, ಅದು ನಾಲ್ವರದು. “ಐದು ಜನರದ್ದೇ ಬರೆಯಿರಿ, ಎಷ್ಟು ಮಹಾ ಆಗ್ತದೆ” ಎಂದು ಅವಳು ಪ್ರತಿವರ್ಷ ಹೇಳುತ್ತಾಳೆ. ನಾವು ಪ್ರತಿವರ್ಷ ಬರೆಯುವುದಿಲ್ಲ. ಉಣ್ಣದವಳಿಂದ ಊಟದ ದುಡ್ಡು ತೆಗೆದುಕೊಳ್ಳಲು ನಮಗೆ ಮನಸ್ಸಿಲ್ಲ.

ಉಳಿದುಕೊಳ್ಳುವುದು ತ್ರಾಸಿಯಲ್ಲಿ ಅವಳ ಮನೆಯಲ್ಲೇ. ಗೆಳತಿಯ ಮನೆಯಲ್ಲಿ ಉಳಿದರೆ ಖರ್ಚಿಲ್ಲ ಎಂದು ಜನ ಸುಲಭವಾಗಿ ಹೇಳುತ್ತಾರೆ. ಖರ್ಚು ಇದೆ. ಅದನ್ನು ಆ ಮನೆಯ ಹೆಂಗಸರು ಬೆನ್ನುನೋವಿನಲ್ಲಿ ತೆರುತ್ತಾರೆ. ಐದು ಜನರಿಗೆ ಹಾಸಿಗೆ, ಎರಡು ಹೊತ್ತಿನ ಅಡುಗೆ, ರಾಶಿ ಪಾತ್ರೆ. ಟೀಚರ್‌ನ ನಾದಿನಿ ಬಾಗಿಲಲ್ಲೇ, “ನೀವ್ ಬಂದ್ರೆ ನಮ್ಗ್ ಹಬ್ಬ ಕಾಣಿ” ಎಂದರು. ಆ ಮಾತು ಸುಳ್ಳಲ್ಲ. ಆದರೆ ಹಬ್ಬದ ದಿನ ಒಲೆಯ ಮುಂದಿನಿಂದ ಏಳದವರು ಯಾರು ಎಂದು ಹೆಂಗಸರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅವರನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿ, ಮುಂಬೈಯಿಂದ ಬಂದ ಸೀರೆ, ಮಕ್ಕಳಿಗೆ ತಂದ ಪುಸ್ತಕ ಕೈಗೆ ಕೊಟ್ಟು, ಅಡುಗೆಮನೆಯನ್ನು ನಾವು ತೆಗೆದುಕೊಂಡೆವು.

ಮೀನಿನ ಕೆಲಸ ಹಿತ್ತಿಲ ಬಾವಿಕಟ್ಟೆಯ ಹತ್ತಿರ, ಬೇರೆ ಒಲೆಯಲ್ಲಿ. ಟೈಲರ್ ಗೆಳತಿ ಬಂಗುಡೆ ಸೀಳಿದಳು. ಕತ್ತರಿ ಹಿಡಿದ ಕೈಗೆ ಕತ್ತಿಯೂ ಒಲಿದಿರುತ್ತದೆ. ಬ್ಯಾಂಕ್ ಅಧಿಕಾರಿ ಹೆರೆಮಣೆಯ ಮೇಲೆ ಕೂತು ಎರಡು ತೆಂಗಿನಕಾಯಿ ತುರಿದಳು. ಬ್ಯಾಡಗಿ ಮೆಣಸು, ಕೊತ್ತಂಬರಿ, ಒಂದು ಚೂರು ಅರಸಿನ, ಹುಣಸೆಹಣ್ಣು ಸೇರಿಸಿ ನುಣ್ಣಗೆ ರುಬ್ಬಿದ್ದು ನಾನು. ಸಾರು ಕುದಿ ಬಂದ ಮೇಲೆ ಜಜ್ಜಿದ ಜುಮ್ಮನಕಾಯಿ ಹಾಕಿದಾಗ ಮೂಗಿಗೆ ಒಂದು ಝುಮ್ಮೆನ್ನುವ ಪರಿಮಳ ಹತ್ತಿತು. ಒಳಗಿನ ಒಲೆಯಲ್ಲಿ ಟೀಚರ್ ಸೌತೆಕಾಯಿ ಹುಳಿ ಇಳಿಸಿದಳು. ಕುಚ್ಚಲಕ್ಕಿ ಅನ್ನ ಎರಡಕ್ಕೂ ಒಂದೇ. ಊಟ ಮುಗಿಸಿ ಪಾತ್ರೆ ತೊಳೆದು, ಬಾವಿಕಟ್ಟೆ ಉಜ್ಜಿ, ಆಮೇಲೆ ಚಾಪೆಗೆ ಬೆನ್ನು ಕೊಟ್ಟೆವು.

ಸಂಜೆ ಮರವಂತೆ. ಒಂದು ಬದಿಗೆ ಅರಬ್ಬಿ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ, ನಡುವೆ ಹೆದ್ದಾರಿ. ಚಿತ್ರಪಟಗಳಲ್ಲಿ ಎಲ್ಲರೂ ಕಂಡದ್ದೇ. ಚಿತ್ರಪಟದಲ್ಲಿ ಕೇಳಿಸದ್ದು ಎರಡು ನೀರಿನ ಎರಡು ದನಿ. ಕಡಲ ಬದಿಯ ಕರಿಕಲ್ಲಿನ ಮೇಲೆ ಕೂತರೆ ಅಲೆ ಎದೆಗೇ ಬಡಿದ ಹಾಗೆ. ರಸ್ತೆ ದಾಟಿ ಮೂವತ್ತು ನಲವತ್ತು ಹೆಜ್ಜೆ ಇಟ್ಟರೆ ಹೊಳೆ. ಅಲ್ಲಿ ದೋಣಿಯ ಹುಟ್ಟಿನಿಂದ ಹನಿ ತೊಟ್ಟಿಕ್ಕುವುದು ಕೇಳುತ್ತದೆ. ಕೊಲ್ಲೂರಿನ ಕಾಡಿನಿಂದ ಇಳಿದು ಬಂದ ಹೊಳೆ ಕಡಲಿಗೆ ಇಷ್ಟು ಹತ್ತಿರ ಬಂದೂ ಸೇರದೆ, ಬೆನ್ನು ತಿರುಗಿಸಿ, ದಕ್ಷಿಣಕ್ಕೆ ಹರಿದು ಗಂಗೊಳ್ಳಿಯಲ್ಲಿ ಸೇರುತ್ತದೆ. ಹೊಳೆದಂಡೆಯ ಮಾರಸ್ವಾಮಿ ದೇವಸ್ಥಾನದಲ್ಲಿ ಕರ್ಕಾಟಕ ಅಮಾವಾಸ್ಯೆಯ ದಿನ ಹೊಸ ಮದುವೆಯ ಜೋಡಿಗಳು ಹೊಳೆಯಲ್ಲೂ ಕಡಲಲ್ಲೂ ಮುಳುಗೆದ್ದು ಬರುತ್ತಾರೆ. ನಮ್ಮಲ್ಲಿ ಮೂವರು ಹಾಗೆ ಮುಳುಗಿದವರೇ.

ಸೂರ್ಯ ಇಳಿಯುವಾಗ ಕಡಲು ತಾಮ್ರದ ಹಂಡೆಯ ತಳದಂತೆ ಆಯಿತು. ಹೊಳೆ ಅದೇ ಹೊತ್ತಿಗೆ ಹಾಲಿನ ಕೆನೆಯ ಬಣ್ಣ. ಕುತ್ತಿಗೆ ಅತ್ತಿತ್ತ ತಿರುಗಿಸಿ ಎರಡನ್ನೂ ನೋಡಿದೆವು. ರೆಸಾರ್ಟಿನ ಬಾಲ್ಕನಿಯಿಂದ ಕಂಡದ್ದು ಕಡಲು ಮಾತ್ರ. ಬೆನ್ನ ಹಿಂದೆ ಹೊಳೆ ಇರಲಿಲ್ಲ. ಗಾಡಿಯವನಿಂದ ಐದು ಪೊಟ್ಟಣ ಚರುಮುರಿ ತೆಗೆದುಕೊಂಡೆವು. ಇದರಲ್ಲಿ ಬೈ-ಟು ಮಾಡಲಿಲ್ಲ. ಕತ್ತಲಾಗುವ ಮುಂಚೆ ಅವನ ಬುಟ್ಟಿ ಖಾಲಿಯಾಗಬೇಕಿತ್ತು.

ರಾತ್ರಿ ಯಕ್ಷಗಾನದ ಆಟ. ಹತ್ತಿರದ ಮನೆಯೊಂದರ ಹರಕೆ, ಗದ್ದೆಯಲ್ಲಿ ಬಯಲಾಟ. ಮಂದಾರ್ತಿ ಮೇಳದ ಹರಕೆ ಆಟಕ್ಕೆ ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕು. ಅಷ್ಟು ಕಾದು, ಅಷ್ಟು ಖರ್ಚು ಹೊತ್ತು ಆಡಿಸುವವರು ಊರಿಗೆಲ್ಲ ಬಾಗಿಲು ತೆರೆದಿಡುತ್ತಾರೆ. ಟಿಕೆಟ್ ಇಲ್ಲ, ಊಟವೂ ಉಂಟು. ಇಂಥ ಕಡೆ ಹೋಗುವುದಕ್ಕೂ ಒಂದು ಕ್ರಮ ಇದೆ. ಊಟದ ಹೊತ್ತಿಗೆ ಬಂದು ಎಲೆ ಮಡಚಿ ಹೊರಟುಹೋಗುವುದು ಸರಿಯಲ್ಲ. ಮನೆಯ ಹಿರಿಯರನ್ನು ಕಂಡು ಮಾತಾಡಿಸಬೇಕು, ಚೌಕಿಯ ಗಣಪತಿ ಪೂಜೆಗೆ ನಿಲ್ಲಬೇಕು, ಆರತಿ ತಟ್ಟೆಗೆ ಕೈಲಾದಷ್ಟು ಹಾಕಬೇಕು, ಆಮೇಲೆ ಆಟ ನೋಡಬೇಕು. ನಾವು ಚಾಪೆ ಹೊತ್ತುಕೊಂಡೇ ಹೋಗಿದ್ದೆವು.

ಚೌಕಿಯಲ್ಲಿ ಹದಿನೆಂಟು ಇಪ್ಪತ್ತರ ಹುಡುಗನೊಬ್ಬ ಮುಂಡಾಸು ಕಟ್ಟಿಕೊಳ್ಳುತ್ತಿದ್ದ. ಎದುರಿಗೆ ಗೋಡೆಗೆ ಒರಗಿಸಿದ ಅಂಗೈಯಗಲದ ಕನ್ನಡಿ. ಬಟ್ಟೆಯ ಸುರುಳಿಯನ್ನು ತಲೆಗೆ ಸುತ್ತುತ್ತ, ಜರಿ ಪಟ್ಟಿಯನ್ನು ಒಂದೊಂದೇ ಸುತ್ತಿನ ಮೇಲೆ ಬಿಗಿಯುತ್ತ ಹೋದ. ಹಲ್ಲಿನಲ್ಲಿ ಒಂದು ತುದಿ, ಕೈಯಲ್ಲಿ ಇನ್ನೊಂದು. ಪ್ರತಿ ಸುತ್ತಿಗೂ ಹುಡುಗನ ಮುಖ ಸ್ವಲ್ಪ ಸ್ವಲ್ಪವೇ ಮರೆಯಾಗಿ ಬೇರೆ ಯಾರೋ ಬಂದು ಕೂತ ಹಾಗಾಯಿತು. ಟೈಲರ್ ಗೆಳತಿ ಕಣ್ಣು ಮಿಟುಕಿಸದೆ ನೋಡಿದಳು. “ಒಂದು ಗುಂಡುಸೂಜಿ ಇಲ್ಲದೆ ಬರೀ ಬಿಗಿತದಲ್ಲೇ ನಿಲ್ಲಿಸಿದ” ಎಂದಳು ಹೊರಗೆ ಬಂದ ಮೇಲೆ. ನಾವು ವೇಷ ಕಂಡೆವು, ಅವಳು ಕೆಲಸ ಕಂಡಳು. ಈಗ ಅನೇಕ ಆಟಗಳು ನಡುರಾತ್ರಿಗೇ ಮುಗಿಯುತ್ತವೆ, ಇದೂ ಮುಗಿಯಿತು. ಚಂಡೆ ನಿಂತ ಮೇಲೂ ಕಿವಿಯಲ್ಲಿ ಅದರ ಪೆಟ್ಟು ಇತ್ತು.

ಎರಡನೆಯ ದಿನ ಬೈಂದೂರು. ಬುತ್ತಿ ನಮ್ಮದೇ: ಕೊಟ್ಟೆ ಕಡುಬು, ಕಾಯಿ ಚಟ್ನಿ, ಬಾಟಲಿಯಲ್ಲಿ ಜೀರಿಗೆ ಹಾಕಿ ಕುದಿಸಿದ ನೀರು. ಒತ್ತಿನೆಣೆ ಗುಡ್ಡದ ಮೇಲೆ ಕೂತು ಹಲಸಿನ ಎಲೆಯ ಕೊಟ್ಟೆ ಬಿಚ್ಚಿದೆವು. ಕೆಳಗೆ ಸೋಮೇಶ್ವರದ ಕಡಲು, ಹೊಳೆ ಬಂದು ಸೇರುವ ಬಿಳಿ ಗೆರೆ, ಗಾಳಿಗೆ ಒಣಹುಲ್ಲಿನ ಸುಯ್. ಎಲೆ, ಕಡ್ಡಿ ಎಲ್ಲ ಚೀಲಕ್ಕೆ ತುಂಬಿ ವಾಪಸ್ಸು ತಂದೆವು.

ಅಲ್ಲಿಂದ ಕೊಲ್ಲೂರು. ಗಾಯಕ ಯೇಸುದಾಸ್ ತಮ್ಮ ಹುಟ್ಟುಹಬ್ಬಕ್ಕೆ, ಜನವರಿ 10ಕ್ಕೆ, ವರ್ಷಗಟ್ಟಲೆ ಬಂದು ಹಾಡಿದ ಸನ್ನಿಧಿ. ಅವರ ಅಭಿಮಾನಿಗಳು ಆಗಲೇ ಕೇರಳದಿಂದ ಬರತೊಡಗಿದ್ದರು. ಪೇಟೆಯ ತುಂಬ ಜೀಪುಗಳು, 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಜನ ಕರೆಯುತ್ತ. ಬ್ಯಾಂಕ್ ಗೆಳತಿಯ ಕಣ್ಣು ಅತ್ತ ಹೋಯಿತು. ಸಂಚಿಯತ್ತ ನೋಡಿದಳು, ಜೀಪಿನ ಮಾತು ಎತ್ತಲೇ ಇಲ್ಲ. ಅದನ್ನು ನಾನು ಕಂಡೆ, ಕಂಡದ್ದನ್ನು ಅವಳಿಗೆ ಹೇಳಲಿಲ್ಲ.

ಮಧ್ಯಾಹ್ನ ಪಂಕ್ತಿಯಲ್ಲಿ ಕೂತೆವು. ನಮ್ಮ ಎಡಕ್ಕೆ ಕಣ್ಣೂರಿನ ಕಡೆಯ ಒಂದು ಕುಟುಂಬ, ಬಲಕ್ಕೆ ಬರಿಗಾಲಿನ ಒಬ್ಬ ಅಜ್ಜ. ಅನ್ನ, ಸಾರು, ಪಾಯಸ. ಬಡಿಸುವವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರಿಗೂ ಒಂದೇ ಸೌಟು. ಕುಂಭಾಸಿಯ ಆನೆಗುಡ್ಡೆಯಲ್ಲಿ, ಕಮಲಶಿಲೆಯಲ್ಲಿ, ನಮ್ಮ ಕಡೆಯ ಎಷ್ಟೋ ದೇವಸ್ಥಾನಗಳಲ್ಲಿ ಈ ಪಂಕ್ತಿ ಉಂಟು. ಇದನ್ನು ಪುಕ್ಕಟೆ ಊಟ ಎನ್ನುವವರ ಮೇಲೆ ನನಗೆ ಬೇಸರ. ಯಾರದೋ ಗದ್ದೆಯ ಅಕ್ಕಿ, ಯಾರದೋ ತೋಟದ ತೆಂಗು, ಯಾರದೋ ಹರಕೆ ಅದು. ಉಣ್ಣುವವರು ಒಂದು ಅಗುಳೂ ಬಿಡಬಾರದು, ಹುಂಡಿಯ ಮುಂದೆ ತಮ್ಮ ಶಕ್ತಿಯನ್ನು ತಾವೇ ಕೇಳಿಕೊಳ್ಳಬೇಕು. ಕಾಣಿಕೆಯನ್ನು ನಾವು ಸಂಚಿಯಿಂದ ಹಾಕುವುದಿಲ್ಲ. ಅದು ಒಬ್ಬೊಬ್ಬರ ಸ್ವಂತದ್ದು, ಇನ್ನೊಬ್ಬಳು ನೋಡದ ಹಾಗೆ.

ಊಟವಾಗಿ ಸೌಪರ್ಣಿಕೆಗೆ ಇಳಿದೆವು. ನಿನ್ನೆ ಮರವಂತೆಯಲ್ಲಿ ಅಷ್ಟಗಲ ಕಂಡ ಹೊಳೆ ಇಲ್ಲಿ ಮೊಣಕಾಲ ಮಟ್ಟಕ್ಕೆ, ಕಲ್ಲಿನ ಸಂದಿಯಲ್ಲಿ ಮೀನುಮರಿ ಕಾಣುವಷ್ಟು ತಿಳಿ.

ಹಿಂದಿರುಗುವಾಗ ಸರ್ಕಾರಿ ಬಸ್ಸು ಸಿಕ್ಕಿತು. ಅವಿಭಜಿತ ದಕ್ಷಿಣ ಕನ್ನಡದ ದಾರಿಗಳು ಮೊದಲಿನಿಂದಲೂ ಖಾಸಗಿ ಬಸ್ಸಿನವರವು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ರಾಜ್ಯದ ಹೆಂಗಸರೆಲ್ಲ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲದೆ ಓಡಾಡಿದಾಗ, ಸರ್ಕಾರಿ ಬಸ್ಸೇ ಹೋಗದ ನಮ್ಮ ಹಳ್ಳಿಗಳ ಹೆಂಗಸರು ದುಡ್ಡು ಕೊಟ್ಟೇ ಹೋಗುತ್ತಿದ್ದರು. ಈಗಲೂ ಒಳಊರುಗಳಲ್ಲಿ ಹಾಗೆಯೇ. ಮನೆಗೆಲಸಕ್ಕೆ, ಗೇರುಬೀಜದ ಕಾರ್ಖಾನೆಗೆ ದಿನಾ ಎರಡು ಹೊತ್ತು ಬಸ್ಸು ಹತ್ತುವವರಿಗೆ ಆ ದುಡ್ಡು ಸಣ್ಣದಲ್ಲ. ಅಲ್ಲಿಗೆ ಸರ್ಕಾರಿ ಬಸ್ಸು ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಂಡಕ್ಟರ್ ನಾಲ್ವರಿಗೆ ಶೂನ್ಯದ ಟಿಕೆಟ್ ಹರಿದುಕೊಟ್ಟ. ಮುಂಬೈ ಗೆಳತಿಯ ಆಧಾರ್‌ನಲ್ಲಿ ಮಹಾರಾಷ್ಟ್ರದ ವಿಳಾಸ. ಅವಳಿಗೆ ಪೂರ್ತಿ ಟಿಕೆಟ್. “ಇದು ನಂದೇ ಖರ್ಚು” ಎಂದು ಅವಳು ಪರ್ಸಿಗೆ ಕೈ ಹಾಕಿದಳು. ಟೈಲರ್ ಗೆಳತಿ ಟೀಚರ್ ಕೈಯಿಂದ ಸಂಚಿ ಎಳೆದುಕೊಂಡು, “ಹುಟ್ಟಿದ್ದ್ ಇಲ್ಲೇ ಅಲ್ದಾ? ಸಂಚಿ ಕೊಡತ್ತ್” ಎಂದು ತಾನೇ ಎಣಿಸಿ ಕೊಟ್ಟಳು. ಕೊಡುವ ಆ ಒಂದು ಗಳಿಗೆಯಲ್ಲಿ ಅವಳ ಮುಖದಲ್ಲಿದ್ದ ಬೆಳಕನ್ನು ನಾನು ಮರೆಯಲಾರೆ.

ಕುಂದಾಪುರದಲ್ಲಿ ಬಸ್ಸು ಬದಲಿಸಿ ಕೋಟೇಶ್ವರ, ಕುಂಭಾಸಿ, ಕೋಟ, ಸಾಲಿಗ್ರಾಮ. ಕೋಟ ಬಂದಾಗ ಟೀಚರ್ ಕೈ ತೋರಿಸಿದಳು: ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಊರು. ಅಬೂವಿಂದ ಬರಾಮಕ್ಕೆ, ಅಪೂರ್ವ ಪಶ್ಚಿಮ ಎಂದು ದೂರ ದೂರದ ಪ್ರವಾಸಗಳನ್ನು ಬರೆದಿಟ್ಟವರು, ಕಾದಂಬರಿಗೆ ಮಾತ್ರ ಮತ್ತೆ ಮತ್ತೆ ಈ ಹೊಳೆ, ಈ ಕಡಲ ದಂಡೆಗೇ ಬಂದರು. ಆ ರಾತ್ರಿ ಬ್ರಹ್ಮಾವರದಲ್ಲಿ ನನ್ನ ಮನೆ. ಪಾತ್ರೆ ತೊಳೆಯಲು ಅವರು ನಾಲ್ವರು ನನ್ನನ್ನು ಅಡುಗೆಮನೆಯಿಂದ ಹೊರಗೆ ಹಾಕಿದರು.

ಮೂರನೆಯ ದಿನ ಬೆಳಿಗ್ಗೆ ಬಾರ್ಕೂರು. ಒಂದು ಕಾಲದ ಆಳುಪರ ರಾಜಧಾನಿ. ವರ್ಷದ ದಿನಕ್ಕೊಂದರಂತೆ 365 ದೇವಸ್ಥಾನ ಇದ್ದವು ಎನ್ನುತ್ತದೆ ಊರಿನ ಮಾತು. ಕತ್ತಲೆ ಬಸದಿಯ ಒಳಗೆ ಕಲ್ಲು ತಂಪಾಗಿತ್ತು. ಕಂಬಗಳ ನಡುವೆ ನಾವು ಐವರಲ್ಲದೆ ಒಂದು ನಾಯಿ ಮಲಗಿತ್ತು. ಟೀಚರ್ ಮೆಟ್ಟಿಲ ಮೇಲೆ ಕೂತು ಪುಸ್ತಕ ಬಿಚ್ಚಿ ಓದಿ ಹೇಳಿದಳು. ರಿಕ್ಷಾ, ಬಸ್ಸು, ಬನ್ಸ್, ತೆಂಗಿನಕಾಯಿ, ಚರುಮುರಿ, ಮಕ್ಕಳ ಪುಸ್ತಕ. ಒಟ್ಟು 6,190. ಸಂಚಿಯಲ್ಲಿ 1,310 ಉಳಿದಿತ್ತು. ಹಂಚಿಕೊಳ್ಳಲಿಲ್ಲ.

ಬಾರ್ಕೂರು ನಿಲ್ದಾಣದಲ್ಲಿ ಸಂಜೆಯ ಮತ್ಸ್ಯಗಂಧಕ್ಕೆ ಕಾಯುತ್ತಿದ್ದಾಗ ಬರುವ ವರ್ಷದ ಮಾತು ಬಂತು. ಯಾರು ದಿನ ಹೇಳುತ್ತಾರೆ ಎಂದು ನಾವು ಮುಖ ಮುಖ ನೋಡಿಕೊಳ್ಳುವ ಮೊದಲೇ ಟೈಲರ್ ಗೆಳತಿ ಕೈಚೀಲದಿಂದ ತನ್ನ ಅಂಗಡಿಯ ಕ್ಯಾಲೆಂಡರ್ ಹಾಳೆ ತೆಗೆದಳು. ಮದುವೆ ಮುಹೂರ್ತ ಇಲ್ಲದ, ರವಿಕೆ ಕೆಲಸ ಕಡಿಮೆ ಇರುವ ಮೂರು ದಿನಕ್ಕೆ ಕೆಂಪು ಪೆನ್ನಿನಲ್ಲಿ ಆಗಲೇ ಸುತ್ತು ಹಾಕಿದ್ದಳು.